ನಗಿಸಿದವರ ಋಣ

ಅಳುವುದಕ್ಕಿಂತ ನಗುವುದೇ ಹೆಚ್ಚು ಯೋಚಿಸಿ ಮಾಡಬೇಕಾದ ಕೆಲಸ ಎಂದು ನಾನು ಹೇಳಿದರೆ ಮೊದಲು ನಗುವವರು ನೀವೇ. ‘ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿ ಹೇಳಿ ಈಯಮ್ಮನಿಗೆ ನಗುವಿಗೂ ಮಾರ್ಕ್ಸ್ ಹಾಕುವ ಚಾಳಿ ಬಂದಿದೆ’ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ, ಬೇಸರವಿಲ್ಲ. ಆದರೆ ಇದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ಅದು ಹುಟ್ಟಿದ್ದು ಪುಸ್ತಕ ಓದಿ ಅಲ್ಲ, ನಾಟಕ ನೋಡಿ.

ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ಸಣ್ಣ ಪೇಟೆ. ಇಲ್ಲಿಯ ಹೆಂಗಸರಿಗೆ ವರ್ಷದಲ್ಲಿ ಮನೆಬಿಟ್ಟು ರಾತ್ರಿ ಹೊರಗೆ ಕೂರುವ ಅವಕಾಶ ಸಿಗುವುದು ಮದುವೆ, ಜಾತ್ರೆ, ಗಣಪತಿ ಬಿಟ್ಟರೆ ನಾಟಕಕ್ಕೆ ಮಾತ್ರ. ಮಳೆಗಾಲ ಮುಗಿದು ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ‘ತಿರುಗಾಟದವರು ಈ ಸಲ ಯಾವತ್ತು ಬರ್ತಾರಂತೆ?’ ಎಂಬ ಮಾತು ಶುರುವಾಗುತ್ತದೆ. ತಿರುಗಾಟ ಎಂದರೆ ನಿಮಗೆ ಗೊತ್ತೇ ಇದೆ, ಹೆಗ್ಗೋಡಿನ ನೀನಾಸಂನವರ ಊರೂರು ಸುತ್ತುವ ನಾಟಕ ತಂಡ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರರೇ ಸೇರಿಕೊಂಡು 1949ರಲ್ಲಿ ಕಟ್ಟಿದ ಸಂಘ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರವರು ತಮ್ಮ ಸಂತೋಷಕ್ಕೆ ನಾಟಕವಾಡುತ್ತಿದ್ದ ಆ ಸಂಘ ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆಯಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು, 1980ರಲ್ಲಿ ನಾಟಕದ ಶಾಲೆಯಾಯಿತು, 1985ರಲ್ಲಿ ತಿರುಗಾಟ ಹೊರಟಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆ ಎಂದು ದೇಶವೇ ನಕ್ಷೆ ನೋಡಿತು. 2005ರಲ್ಲಿ ಅವರು ತೀರಿಕೊಂಡರು. ತಂಡ ನಿಲ್ಲಲಿಲ್ಲ. ಒಂದು ವಾಹನದಲ್ಲಿ ರಂಗಸಜ್ಜಿಕೆ, ದೀಪ, ವೇಷಭೂಷಣ ತುಂಬಿಕೊಂಡು ಊರಿಂದ ಊರಿಗೆ ಹೋಗುತ್ತಾರೆ. ಮಧ್ಯಾಹ್ನ ಪೆಟ್ಟಿಗೆ ಹೊತ್ತು ಇಳಿಸಿದ ಹುಡುಗನೇ ರಾತ್ರಿ ರಾಜ. ಊಟ ವಸತಿ ಆಯಾ ಊರಿನ ಸಂಘದವರದು. ನಮ್ಮೂರಿನಲ್ಲಿ ಸಾರಿನ ಪಾತ್ರೆ ಯಾರ ಮನೆಯಿಂದ ಹೋಗಬೇಕೆಂಬುದಕ್ಕೇ ಒಂದು ಸಣ್ಣ ಜಗಳವಾಗುತ್ತದೆ.

ಅವರು ಬರುವಾಗ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ನಾಟಕ ತರುತ್ತಾರೆ. ಒಂದು ಗಂಭೀರ, ಒಂದು ನಗೆಯದು ಎಂದು ನಾವು ನಮ್ಮಷ್ಟಕ್ಕೆ ವಿಂಗಡಿಸಿಕೊಂಡಿರುತ್ತೇವೆ. ಅವರು ಬಂದು ಹೋದ ಮೇಲೆ ನಮ್ಮೂರ ಹವ್ಯಾಸಿಗಳಿಗೂ ಹುರುಪು ಬರುತ್ತದೆ. ಯುಗಾದಿಯ ಆಚೆ ಈಚೆ ಅವರದೊಂದು ನಗೆನಾಟಕ, ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳದೊಂದು. ಹೀಗೆ ನಾಲ್ಕೈದು ತಿಂಗಳು ನಮಗೆ ನಾಟಕದ ಸುಗ್ಗಿ.

ಈ ಸುಗ್ಗಿಯಲ್ಲಿ ನಾನು ಗಮನಿಸಿದ್ದು ಒಂದು. ಗಂಭೀರ ನಾಟಕದ ದಿನ ಹೆಂಗಸರು ಕೇಳುತ್ತಾರೆ, ‘ತುಂಬಾ ತಲೆಬಿಸಿಯದೇನ್ರೀ? ಹಾಗಾದ್ರೆ ಬೇಡಪ್ಪ, ನಾಳೆ ನಗ್ಸೋ ನಾಟಕಕ್ಕೆ ಬರ್ತೀವಿ.’ ಅಳಿಸುವ ನಾಟಕಕ್ಕೆ ಬುದ್ಧಿ ಬೇಕು, ನಗಿಸುವುದಕ್ಕೆ ಬೇಡ ಎಂಬುದು ನಮ್ಮೆಲ್ಲರ ತಿಳಿವಳಿಕೆ. ನನಗೆ ಅನ್ನಿಸುವುದು ಇದಕ್ಕೆ ತಿರುಗು.

ಶಾಕುಂತಲದ ಕತೆಯನ್ನೇ ತೆಗೆದುಕೊಳ್ಳಿ. ಸುಬ್ಬಣ್ಣನವರು ಅದನ್ನು ‘ಲೋಕ ಶಾಕುಂತಲ’ ಎಂದು ಹೊಸದಾಗಿ ಬರೆದರು. ಯಾರು ಎಷ್ಟು ಸಲ ಬರೆದರೂ ತುಂಬಿದ ಸಭೆಯಲ್ಲಿ ಗಂಡ ‘ಈಕೆ ಯಾರೋ ನಾನರಿಯೆ’ ಎನ್ನುವ ಕ್ಷಣ ಬಂದಾಗ ನಮ್ಮ ಸೆರಗು ಕಣ್ಣಿಗೆ ಹೋಗಿಯೇ ಹೋಗುತ್ತದೆ. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ಗುರುತಿನ ಉಂಗುರ ಹುಡುಕುವ ಹೆಣ್ಣಿಗಾಗಿ ಅಳುವಾಗ ನಾವು ಯಾರಿಗೂ ಅನ್ಯಾಯ ಮಾಡುತ್ತಿಲ್ಲ. ನಮ್ಮ ಕಣ್ಣೀರು ನೊಂದವಳ ಕಡೆಗೇ ಹರಿಯುತ್ತದೆ. ಅಳುವವರು ಸಾಮಾನ್ಯವಾಗಿ ನ್ಯಾಯದ ಪಕ್ಷದಲ್ಲಿ ಕೂತಿರುತ್ತಾರೆ, ಆ ಪಕ್ಷದಲ್ಲಿ ಕೂರಲು ಖರ್ಚೂ ಇಲ್ಲ. ನಗು ಹಾಗಲ್ಲ. ನಗುವಿಗೆ ಆಚೆ ಬದಿಯಲ್ಲಿ ಒಬ್ಬರು ಬೇಕು. ಜಾರಿ ಬಿದ್ದವರು, ಮೋಸಹೋದವರು, ಮಾತು ತಪ್ಪಿದವರು, ಮೈ ದಪ್ಪಗಿದ್ದವರು. ನಾವು ನಕ್ಕಾಗಲೆಲ್ಲ ಅಲ್ಲಿ ಯಾರೋ ಬೆಲೆ ತೆರುತ್ತಿರುತ್ತಾರೆ.

ಹಿರಿಯರು ಇದನ್ನು ಯೋಚಿಸದೆ ಬಿಟ್ಟಿಲ್ಲ. ನಾಟ್ಯಶಾಸ್ತ್ರದಲ್ಲಿ ಭರತ ಎಂಟು ರಸಗಳನ್ನು ಹೇಳಿ, ಅದರಲ್ಲಿ ಹಾಸ್ಯಕ್ಕೆ ಆರು ಬಗೆಯ ನಗು ಹೇಳುತ್ತಾನೆ. ಹಲ್ಲು ಕಾಣದ ಸ್ಮಿತ, ಹಲ್ಲು ಸ್ವಲ್ಪ ತೋರುವ ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಭುಜ ತಲೆ ಅಲುಗಿಸಿ ಹೊತ್ತುಗೊತ್ತಿಲ್ಲದೆ ನಗುವ ಅಪಹಸಿತ, ಪಕ್ಕೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಅತಿಹಸಿತ ಕೆಳಗಿನವರಿಗೆ. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಹಾಸ್ಯರಸ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ ಮತ್ತು ನೀಚಪ್ರಕೃತಿಯವರಲ್ಲಿ ಎಂದೂ ಅಲ್ಲಿ ಒಂದು ಮಾತಿದೆ! ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಹೇಳಿದಾಗ ನಮ್ಮ ಗಣಿತದ ಮೇಡಂ ಪಕ್ಕೆ ಹಿಡಿದುಕೊಂಡೇ ನಕ್ಕರು. ‘ಭರತಮುನಿಗಳು ಹೇಳಿದ್ದು ಸುಳ್ಳಾಗಬಾರದಲ್ಲ’ ಎಂದು ಅವರ ಸಮಜಾಯಿಷಿ.

ಸಂಸ್ಕೃತ ನಾಟಕಗಳಲ್ಲಿ ಇನ್ನೊಂದು ವಿಚಿತ್ರವಿದೆ. ರಾಜ, ಮಂತ್ರಿ, ಋಷಿಗಳೆಲ್ಲ ಸಂಸ್ಕೃತದಲ್ಲಿ ಮಾತಾಡುತ್ತಾರೆ. ಹೆಂಗಸರು, ಆಳುಗಳು, ವಿದೂಷಕ ಇವರೆಲ್ಲ ಸಾಮಾನ್ಯವಾಗಿ ಪ್ರಾಕೃತದಲ್ಲಿ. ಶಕುಂತಲೆ ತನ್ನ ದುಃಖವನ್ನು ಹೇಳುವುದು ಪ್ರಾಕೃತದಲ್ಲೇ, ಹೊಟ್ಟೆಬಾಕ ವಿದೂಷಕ ಗೊಣಗುವುದೂ ಪ್ರಾಕೃತದಲ್ಲೇ. ನಗೆಗೀಡಾಗುವವನಿಗೂ ಹೆಣ್ಣಿಗೂ ನಮ್ಮ ಹಿಂದಿನವರು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಎಲೆ ಹಾಕಿದ್ದರು. ಅದಕ್ಕೇ ಇರಬೇಕು, ನಗುವಿನ ನೀತಿಯ ವಿಚಾರ ಬಂದರೆ ಹೆಂಗಸರಾದ ನಮಗೆ ಮಾತಾಡುವ ಹಕ್ಕು ಸ್ವಲ್ಪ ಹೆಚ್ಚೇ ಇದೆ ಎಂದು ನನ್ನ ಭಾವನೆ.

ಹಾಸ್ಯ ಹುಟ್ಟುವ ಕಾರಣಗಳನ್ನು ಹೇಳುವಾಗ ಭರತ ವಿಕಾರವಾದ ವೇಷ, ಅಸಂಬದ್ಧ ಮಾತುಗಳ ಜೊತೆಗೆ ಅಂಗದ ಊನವನ್ನು ಕಾಣುವುದನ್ನೂ ಸೇರಿಸುತ್ತಾನೆ. ಗ್ರೀಸಿನ ಅರಿಸ್ಟಾಟಲನೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತಾನೆ. ನಗೆ ಹುಟ್ಟುವುದು ಒಂದು ತಪ್ಪಿನಿಂದ, ಒಂದು ಕುರೂಪದಿಂದ ಎನ್ನುತ್ತಾನೆ. ಆದರೆ ಒಂದು ಷರತ್ತು ಹಾಕುತ್ತಾನೆ, ಅದು ನೋವು ಕೊಡುವಂಥದಾಗಿರಬಾರದು, ಕೇಡು ಮಾಡುವಂಥದಾಗಿರಬಾರದು. ನಗೆನಾಟಕದ ಮುಖವಾಡ ಸೊಟ್ಟಗಿರುತ್ತದೆ, ನೋವಿನಿಂದ ಸೊಟ್ಟಗಾದದ್ದಲ್ಲ ಎಂಬುದು ಅವನ ಉದಾಹರಣೆ. ಒಳ್ಳೆಯ ಮಾತೇ. ಆದರೆ ನೋವಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ನಕ್ಕವರೋ, ನಗಿಸಿಕೊಂಡವರೋ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಶೂದ್ರಕನ ‘ಮೃಚ್ಛಕಟಿಕ’ ನೆನಪಾಗುತ್ತದೆ. ಅದರಲ್ಲಿ ಶಕಾರ ಎಂಬೊಬ್ಬನಿದ್ದಾನೆ, ರಾಜನ ಮೈದುನ. ‘ಸ’ಕಾರ ಹೊರಳದೆ ಎಲ್ಲಕ್ಕೂ ‘ಶ’ ಎನ್ನುತ್ತಾನೆ, ಅದಕ್ಕೇ ಆ ಹೆಸರು. ಪುರಾಣವೆಲ್ಲ ಅವನ ಬಾಯಲ್ಲಿ ಕಲಸುಮೇಲೋಗರ. ಹನುಮಂತ ಸುಭದ್ರೆಯನ್ನು ಹೊತ್ತುಕೊಂಡು ಹೋದ ಎಂಬಂಥ ಹೋಲಿಕೆ ಕೊಡುತ್ತಾನೆ. ಸಭೆಯೆಲ್ಲ ಘೊಳ್ಳೆಂದು ನಗುತ್ತದೆ. ಆದರೆ ಸ್ವಲ್ಪ ನಿಂತು ನೋಡಿ, ಈ ಹೋಲಿಕೆಗಳನ್ನು ಅವನು ಹೇಳುವುದು ಯಾವಾಗ? ರಾತ್ರಿ ಬೀದಿಯಲ್ಲಿ ಒಂಟಿ ಹೆಂಗಸು ವಸಂತಸೇನೆಯನ್ನು ಅಟ್ಟಿಸಿಕೊಂಡು ಬರುವಾಗ. ಒಬ್ಬ ಹೆಣ್ಣು ಹೆದರಿ ಓಡುತ್ತಿದ್ದಾಳೆ, ನಾವು ಅಟ್ಟಿಸಿಕೊಂಡು ಬರುವವನ ಪೆದ್ದುತನಕ್ಕೆ ನಗುತ್ತಿದ್ದೇವೆ. ಎಂಟನೆಯ ಅಂಕದಲ್ಲಿ ಇದೇ ಪೆದ್ದ ಅವಳ ಕುತ್ತಿಗೆ ಹಿಸುಕಿ, ಸತ್ತಳೆಂದು ಎಲೆ ಮುಚ್ಚಿ ಹೋಗುತ್ತಾನೆ. ಆ ಅಪವಾದವನ್ನು ಬಡವ ಚಾರುದತ್ತನ ತಲೆಗೆ ಕಟ್ಟುತ್ತಾನೆ. ಆಗ ಸಭೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು. ಅಧಿಕಾರ ಕೈಯಲ್ಲಿರುವ ಮೂರ್ಖನನ್ನು ಬರೀ ಮೂರ್ಖನೆಂದು ನಕ್ಕು ಬಿಡಬೇಡಿ ಎಂದು ಶೂದ್ರಕ ನಮ್ಮ ನಗುವಿನಿಂದಲೇ ನಮಗೆ ಪಾಠ ಹೇಳುತ್ತಾನೆ. ಕೊಲೆ ಮಾಡೆಂದರೆ ‘ಆಗದು’ ಎನ್ನುವವನು ಅದೇ ಶಕಾರನ ಗಾಡಿ ಹೊಡೆಯುವ ಆಳು. ಅವನನ್ನು ನೋಡಿ ನಗಲು ಕವಿ ನಮಗೆ ಬಿಡುವುದಿಲ್ಲ.

ದೊಡ್ಡವರನ್ನು ನೋಡಿ ನಗುವುದು ನಮ್ಮ ಕನ್ನಡ ರಂಗಭೂಮಿಗೂ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಲ್ಲಿ ಜನ ನಕ್ಕದ್ದು ಮೇಜಿನ ಕೆಳಗೆ ಕೈ ಚಾಚುವವರನ್ನು ನೋಡಿ. ಕೈಲಾಸಂ 1918ರಲ್ಲಿ ‘ಟೊಳ್ಳು ಗಟ್ಟಿ’ ಬರೆದಾಗ ಪರೀಕ್ಷೆಯಲ್ಲಿ ಜಾಣನಾದವನೇ ಜಾಣ ಎಂದು ತಿಳಿದ ಮನೆಗಳನ್ನೇ ನಗೆಗೀಡು ಮಾಡಿದರು. ಅದನ್ನು ಇಂದಿನ ಪಿಯುಸಿ ಮಕ್ಕಳ ತಾಯಂದಿರಿಗೆ ಒಂದು ಸಲ ತೋರಿಸಬೇಕು. ನಗುತ್ತಾರೆ, ಮನೆಗೆ ಹೋಗಿ ಮತ್ತೆ ಮಗನ ಪರ್ಸೆಂಟೇಜ್ ಕೇಳುತ್ತಾರೆ, ಅದು ಬೇರೆ ಮಾತು.

ಈ ನಗುವಿನಲ್ಲಿ ನನಗೆ ತಕರಾರಿಲ್ಲ. ಕಷ್ಟವಾಗುವುದು ನಗು ಕೆಳಗಿನವರ ಕಡೆಗೆ ತಿರುಗಿದಾಗ. ಅದರಲ್ಲೂ ನಾವೇ ನಮ್ಮವರ ಮೇಲೆ ನಗುವಾಗ.

ನಮ್ಮೂರ ಹವ್ಯಾಸಿಗಳು ಒಂದು ವರ್ಷ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ಆಡಿದರು. ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದ ಶ್ರೂ’ ಕನ್ನಡದ ಮನೆಗೆ ಬಂದ ರೂಪ ಅದು. ಮೂಲದಲ್ಲಿ ಗಂಡ ತನ್ನ ಗಯ್ಯಾಳಿ ಹೆಂಡತಿಗೆ ಊಟ ಸರಿಯಿಲ್ಲವೆಂದು ತಟ್ಟೆ ಎಸೆದು ಉಪವಾಸ ಕೆಡವುತ್ತಾನೆ, ಹಾಸಿಗೆ ಸರಿಯಿಲ್ಲವೆಂದು ನಿದ್ದೆಗೆಡಿಸುತ್ತಾನೆ, ಕೊನೆಗೆ ಹಗಲು ಸೂರ್ಯನನ್ನು ತೋರಿಸಿ ಚಂದ್ರ ಎಂದರೆ ಹೌದು ಚಂದ್ರನೇ ಎನ್ನುವಂತೆ ಮಾಡುತ್ತಾನೆ. ಇದು ನಗೆನಾಟಕ. ಆ ರಾತ್ರಿ ಹೆಂಗಸರ ಸಾಲಿನಲ್ಲೇ ಅತಿ ಹೆಚ್ಚು ನಗು. ನನ್ನ ಪಕ್ಕದಲ್ಲಿ ನಮ್ಮ ಬೀದಿಯವರೇ ಒಬ್ಬರು ಕೂತಿದ್ದರು. ಅವರ ಗಂಡ ಬಡಿಸಿದ ತಟ್ಟೆ ಎಸೆಯುವ ಶಬ್ದ ವಾರಕ್ಕೊಮ್ಮೆಯಾದರೂ ನಮ್ಮ ಮನೆಯವರೆಗೆ ಕೇಳುತ್ತದೆ. ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಾರಿಯಲ್ಲಿ ಬರುವಾಗ ನಾನೇ ಕೇಳಿದೆ, ‘ಅಷ್ಟೊಂದು ನಗು ಬಂತಲ್ಲ ಅಕ್ಕಾ?’ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದು ಹೇಳಿದರು: ‘ತಟ್ಟೆ ಎಸೆದಾಗ ಅನ್ನ ಬಳಿಯೋ ಕೆಲ್ಸ ನಂದಲ್ಲ ಅನ್ನೋದೇ ಒಂದು ಖುಷಿ ಕಣ್ರೀ.’

ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಹೆಂಗಸರು ಹೆಂಗಸಿನ ಮೇಲೆ ನಕ್ಕರು ಎಂದು ಸಿಟ್ಟಾಗುವುದು ಸುಲಭ. ಆದರೆ ಆಕೆಯ ನಗುವಿನಲ್ಲಿ ಇದ್ದದ್ದು ತಿರಸ್ಕಾರವಲ್ಲ. ವರ್ಷಗಟ್ಟಲೆ ಮೈಮೇಲೆ ಹೊತ್ತದ್ದನ್ನು ಮೂರು ತಾಸು ರಂಗದ ಮೇಲೆ ಇನ್ನೊಬ್ಬಳ ತಲೆಗೆ ದಾಟಿಸಿ ನೋಡಿದ ಹಗುರ. ಆ ನಗುವನ್ನು ಆಕೆಯಿಂದ ಕಿತ್ತುಕೊಳ್ಳಲು ನನಗೆ ಯಾವ ಹಕ್ಕಿದೆ? ಅದೇ ಸಭೆಯಲ್ಲಿ ಆಕೆಯ ಗಂಡನೂ ನಕ್ಕ. ಆ ಎರಡು ನಗುವೂ ಒಂದೇ ಅಲ್ಲ. ಆತ ನಕ್ಕದ್ದು ತಾನು ಮಾಡುವುದಕ್ಕೆ ರಂಗದ ಮೇಲೆ ಚಪ್ಪಾಳೆ ಸಿಕ್ಕಿತಲ್ಲ ಎಂದು. ಕೇಳಲು ಒಂದೇ ಗದ್ದಲ, ಒಳಗೆ ಎರಡು ಲೆಕ್ಕ. ಹಾಗಾದರೆ ನಗು ಒಳ್ಳೆಯದೋ ಕೆಟ್ಟದ್ದೋ ಎಂಬುದು ನಾಟಕದ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಯಾರು ಎಲ್ಲಿ ಕೂತು ನಗುತ್ತಾರೆ ಎಂಬುದರಲ್ಲೂ ಇರುತ್ತದೆ.

ನಾಟಕದ ಮಾತು ಒಂದಿಷ್ಟೂ ಬದಲಾಗದೆ ನಗು ಮಾತ್ರ ಸ್ಥಳ ಬದಲಾಯಿಸಬಹುದು. ‘ಮರ್ಚೆಂಟ್ ಆಫ್ ವೆನಿಸ್’ ಪಾಠ ಮಾಡಿದವರಿಗೆ ಇದು ಗೊತ್ತು. 1623ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿದಾಗ ಅದನ್ನು ನಗೆನಾಟಕಗಳ ಸಾಲಿಗೆ ಸೇರಿಸಿದರು. ಬಡ್ಡಿಯ ಮುದುಕ ಶೈಲಾಕ್ ಒಂದು ಕಾಲದಲ್ಲಿ ಕೋಡಂಗಿಯ ಪಾತ್ರ. 1741ರಲ್ಲಿ ಮ್ಯಾಕ್ಲಿನ್ ಎಂಬ ನಟ ಅವನನ್ನು ಗಂಭೀರನನ್ನಾಗಿ ಮಾಡಿದ. 1814ರಲ್ಲಿ ಎಡ್ಮಂಡ್ ಕೀನ್ ಆಡಿದಾಗ ಜನ ಅವನಿಗಾಗಿ ಮರುಗಿದರು. ಮಾತು ಷೇಕ್ಸ್‌ಪಿಯರನದೇ, ನಿಂತ ಭಂಗಿ ಬೇರೆ. ಜನಾಂಗವೊಂದನ್ನು ಹೀಯಾಳಿಸುತ್ತಿದ್ದ ನಗು ಆಡುವವನ ಒಂದು ನೋಟದಲ್ಲಿ ಗಂಟಲಲ್ಲೇ ನಿಲ್ಲುವುದಾದರೆ, ನಗಿಸುವವರ ಕೈಯಲ್ಲಿ ಎಷ್ಟು ದೊಡ್ಡ ಅಧಿಕಾರವಿದೆ ನೋಡಿ.

ಈ ಅಧಿಕಾರದ ಭಾರ ನನ್ನ ತಲೆಯ ಮೇಲೇ ಬಂದದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ. ಪ್ರತಿವರ್ಷ ಮಕ್ಕಳ ನಾಟಕ ಮಾಡಿಸುವುದು ನನ್ನ ಪಾಲಿನ ಕೆಲಸ. ಆ ವರ್ಷ ಆರಿಸಿದ್ದು ಒಂದು ಹಳೆಯ ನಗೆನಾಟಕ, ಊರೂರು ಶಾಲೆಗಳಲ್ಲಿ ಕೈಬರಹದಲ್ಲಿ ಓಡಾಡುವಂಥದು. ಅದರಲ್ಲಿ ಒಬ್ಬ ತೊದಲು ಮಾತಿನ ಆಳು. ಅವನು ಬಾಯಿ ತೆರೆದಾಗಲೆಲ್ಲ ಯಜಮಾನ ತಲೆಗೆ ಮೊಟಕುತ್ತಾನೆ, ಸಭೆ ನಗುತ್ತದೆ. ನಾಟಕದ ಹಾಸ್ಯವೆಂದರೆ ಮುಕ್ಕಾಲುಪಾಲು ಅಷ್ಟೇ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಿಗೆ ಮಾತು ತಡೆಯುತ್ತಿತ್ತು. ಹಾಜರಿ ಕರೆದಾಗ ‘ಪ್ರೆಸೆಂಟ್ ಮೇಡಂ’ ಎನ್ನಲಾಗದೆ ಕೈ ಎತ್ತುತ್ತಿದ್ದಳು. ಪ್ರಾರ್ಥನೆಯಲ್ಲಿ ಮಾತ್ರ ಎಲ್ಲರ ಜೊತೆ ಸ್ಪಷ್ಟವಾಗಿ ಹಾಡುತ್ತಿದ್ದಳು, ಹೀಗೆ ತಡೆದು ಮಾತಾಡುವ ಬಹುಮಂದಿಗೆ ಹಾಡುವಾಗ ತೊಡರು ಬರುವುದಿಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಇರುತ್ತದೆ, ಗಂಡಸರಲ್ಲಿ ಹೆಚ್ಚು. ಬಸುರಿಯಲ್ಲಿ ತಾಯಿ ಏನೋ ತಿಂದಳೆಂದೋ, ಬೆದರಿಸಿ ಬೆಳೆಸಿದಳೆಂದೋ ಬರುವಂಥದಲ್ಲ. ಮಿದುಳಿನಲ್ಲಿ ಮಾತು ಹೊಂದಿಕೊಳ್ಳುವ ಬಗೆಗೂ ವಂಶಕ್ಕೂ ಸಂಬಂಧಿಸಿದ್ದು. ಆದರೆ ಅವಳ ತಾಯಿ ಅತ್ತೆಮನೆಯಲ್ಲಿ ಹದಿನಾಲ್ಕು ವರ್ಷ ಈ ಮಾತನ್ನು ಕೇಳಿಸಿಕೊಂಡಾಕೆ. ಹುಡುಗಿಗೆ ಶಾಲೆಯಲ್ಲಿ ಒಂದು ಅಡ್ಡಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾಟಕದ ಓದು ನಡೆದ ಮಧ್ಯಾಹ್ನ ಆ ಹುಡುಗಿ ಬಂದು ನಿಂತಳು. ಆಳಿನ ಪಾತ್ರ ತನಗೆ ಬೇಕು ಎಂದಳು. ಹೇಳಿ ಮುಗಿಸಲು ಸಾಕಷ್ಟು ಹೊತ್ತು ಬೇಕಾಯಿತು. ‘ಯಾಕಮ್ಮಾ ಅದೇ ಪಾತ್ರ?’ ಎಂದೆ. ಅವಳು ಕೊಟ್ಟ ಉತ್ತರವನ್ನು ತಡೆದ ಅಕ್ಷರಗಳನ್ನು ಬಿಟ್ಟು ಬರೆಯುತ್ತೇನೆ: ‘ಹೇಗೂ ನಗ್ತಾರಲ್ಲ ಮೇಡಂ. ನಾನು ನಗಿಸ್ದಾಗ ನಗ್ಲಿ.’

ನಾಟ್ಯಶಾಸ್ತ್ರದಲ್ಲಿ ಆತ್ಮಸ್ಥ, ಪರಸ್ಥ ಎಂದು ಹಾಸ್ಯದ ಎರಡು ಬಗೆಗಳಿವೆ. ತಾನೇ ನಗುವುದು ಒಂದು, ಇನ್ನೊಬ್ಬರನ್ನು ನಗಿಸುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದಿದೆ, ನಗಿಸಿಕೊಳ್ಳುವುದು. ಆ ಹುಡುಗಿ ಹದಿನಾಲ್ಕನೆಯ ವಯಸ್ಸಿಗೆ ಆ ಮೂರನೆಯದರಿಂದ ಎರಡನೆಯದಕ್ಕೆ ದಾಟಲು ಹೊರಟಿದ್ದಳು.

ಮುಖ್ಯೋಪಾಧ್ಯಾಯರು ಬೇಡವೆಂದರು, ‘ಊರವರು ಶಾಲೆಯನ್ನು ಬೈತಾರೆ’ ಎಂಬುದು ಅವರ ಚಿಂತೆ. ಸಹೋದ್ಯೋಗಿಯೊಬ್ಬರು ‘ಊನ ಇರುವ ಮಗುವನ್ನು ನಿಲ್ಲಿಸಿ ಊನವನ್ನೇ ತೋರಿಸೋದು ಕ್ರೌರ್ಯ’ ಎಂದರು. ಇನ್ನೊಬ್ಬರು ‘ಅವಳೇ ಕೇಳ್ತಾ ಇದ್ದಾಳೆ, ಬೇಡ ಅನ್ನೋದೇ ಕ್ರೌರ್ಯ’ ಎಂದರು. ಎಲ್ಲರಿಗಿಂತ ತೂಕದ ಮಾತು ತಾಯಿಯದು. ಮಾರನೆಯ ದಿನ ಶಾಲೆಗೇ ಬಂದು ಹೇಳಿದರು: ‘ಮೇಡಂ, ನೀವು ಒಂದು ರಾತ್ರಿ ನಾಟಕ ಮಾಡಿಸ್ತೀರಿ. ನಾಳೆ ಗಂಡು ನೋಡೋಕೆ ಹೊರಟಾಗ, ಓ ಆ ನಾಟಕದ ಹುಡುಗಿನಾ ಅಂತಾರೆ. ಆಗ ನೀವು ಬರ್ತೀರಾ?’

ಈ ಪ್ರಶ್ನೆಗೆ ಥಟ್ಟನೆ ಕೊಡುವ ಉತ್ತರ ಯಾರ ಬಳಿಯೂ ಇರುವುದಿಲ್ಲ. ಪುಸ್ತಕದ ನೀತಿ ಬೇರೆ, ಮಗಳನ್ನು ಒಂದು ಮನೆ ಸೇರಿಸಬೇಕಾದ ತಾಯಿಯ ನೀತಿ ಬೇರೆ. ಹುಡುಗಿಯ ಮರ್ಯಾದೆ ಉಳಿಸಲೆಂದು ಪಾತ್ರ ನಿರಾಕರಿಸಿದರೆ ‘ನಿನ್ನ ಮಾತು ಹೊರಗೆ ತರುವಂಥದಲ್ಲ, ಮುಚ್ಚಿಡು’ ಎಂದು ನಾವೇ ಹೇಳಿದಂತೆ. ಕೊಟ್ಟರೆ, ಆ ಮೊಟಕುವ ಕೈಗೂ ನಗುವ ಬಾಯಿಗೂ ಅವಳನ್ನು ನಾವೇ ಒಪ್ಪಿಸಿದಂತೆ. ಎರಡು ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು, ತೊಡಕಿರುವುದು ಹುಡುಗಿಯಲ್ಲೂ ಅಲ್ಲ, ತೊದಲಿನಲ್ಲೂ ಅಲ್ಲ, ನಗೆಯ ಕೀಲು ಎಲ್ಲಿದೆ ಎಂಬುದರಲ್ಲಿ. ಆ ಕೀಲನ್ನು ಬೇರೆ ಕಡೆಗೆ ಕೂರಿಸಬಹುದಲ್ಲ?

ಮಕ್ಕಳ ಜೊತೆ ಕೂತು ನಾಟಕವನ್ನು ತಿದ್ದಿದೆವು. ಆಳನ್ನು ಕೆಲಸದ ಹುಡುಗಿ ಮಾಡಿದೆವು. ಮೊಟಕುವುದನ್ನು ತೆಗೆದೆವು. ಯಜಮಾನನಿಗೆ ತಾಳ್ಮೆಯೇ ಇಲ್ಲ, ಯಾರ ಮಾತನ್ನೂ ಪೂರ್ತಿ ಕೇಳದೆ ತಾನೇ ಮುಗಿಸುವವನು. ಹುಡುಗಿ ಓಡಿ ಬಂದು ‘ಸಾ... ಸಾ...’ ಎನ್ನುತ್ತಾಳೆ. ‘ಸಾಲ ಕೊಟ್ಟವನು ಬಂದನಾ? ನಾನು ಸತ್ತೆ ಅಂತ ಹೇಳು!’ ಎಂದು ಯಜಮಾನ ಅಟ್ಟ ಹತ್ತುತ್ತಾನೆ. ಅವಳು ಹೇಳಹೊರಟದ್ದು ‘ಸಾಗರದ ಬೀಗರು ಬಂದಿದ್ದಾರೆ’ ಎಂದು. ಬೀಗರು ಸಾವಿನ ಸುದ್ದಿ ಕೇಳಿ ಗೊಳೋ ಎನ್ನುತ್ತಾರೆ, ಅಟ್ಟದ ಮೇಲೆ ಯಜಮಾನ ಸೀನುತ್ತಾನೆ. ಹೀಗೆ ಮೂರು ಸಲ, ಪ್ರತಿ ಸಲವೂ ಅವಸರವೇ ಅವನನ್ನು ಹಳ್ಳಕ್ಕೆ ಕೆಡಹುತ್ತದೆ. ಕೊನೆಗೆ ಅವನು ಕೈಮುಗಿದು ‘ಹೇಳು ತಾಯೀ, ಎಷ್ಟು ಹೊತ್ತಾದರೂ ಸರಿ’ ಎಂದು ನೆಲದ ಮೇಲೆ ಕೂರಬೇಕು. ತಿದ್ದಿದ ಪ್ರತಿಯನ್ನು ತಾಯಿಗೆ ಓದಿ ಹೇಳಿದೆ. ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮಗಳ ಮುಖ ನೋಡಿ ಎದ್ದು ಹೋದರು. ಒಂದು ವಾರದ ಮೇಲೆ ಪಾತ್ರದ ಲಂಗಕ್ಕೆಂದು ತಮ್ಮ ಹಳೆಯ ಸೀರೆಯೊಂದನ್ನು ಕಳಿಸಿದರು.

ಆ ರಾತ್ರಿ ಎಲ್ಲ ಸುಸೂತ್ರವಾಗಿ ನಡೆಯಿತು ಎಂದು ಬರೆದರೆ ಕತೆಯಾಗುತ್ತದೆ. ಅವಳು ಮೊದಲ ಸಲ ಬಾಯಿ ತೆರೆದಾಗ ಹಿಂದಿನ ಬೆಂಚುಗಳಿಂದ ಬಂದದ್ದು ಹಳೆಯ ನಗುವೇ. ಯಾರೋ ಅಡ್ಡಹೆಸರನ್ನು ಕೂಗಿದರು ಕೂಡ. ಅವಳು ನಿಂತಳು. ಮಾತು ತಡೆದು ನಿಂತದ್ದೋ ತಾನಾಗಿ ನಿಂತದ್ದೋ ಇವತ್ತಿಗೂ ನನಗೆ ತಿಳಿಯದು. ಯಜಮಾನನ ಪಾತ್ರದ ಹುಡುಗ ಅಟ್ಟ ಹತ್ತಿ, ಸೀನಿದ. ನಗು ಅತ್ತ ತಿರುಗಿತು. ಎರಡನೆಯ ಸಲ ಅವಳು ಓಡಿ ಬಂದಾಗ ಸಭೆಗೆ ಆಟ ತಿಳಿದುಹೋಗಿತ್ತು. ಅವಳ ಅಕ್ಷರ ತಡೆದಷ್ಟೂ ಜನ ಯಜಮಾನನ ಮುಖ ನೋಡುತ್ತಿದ್ದರು. ಮೂರನೆಯ ಸಲ ಅವನು ಬಾಯಿ ಹಾಕಹೊರಟಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ‘ಸುಮ್ನಿರೋ, ಹೇಳ್ಲಿ!’ ಎಂದು ಕೂಗಿಯೇಬಿಟ್ಟರು.

ನಾಟಕವಾದ ಮೇಲೆ ತಾಯಿ ಸಿಕ್ಕರು. ಹೊಗಳಲಿಲ್ಲ, ತೆಗಳಲಿಲ್ಲ. ‘ನಕ್ಕರು ಮೇಡಂ, ನಗದೇ ಇರಲಿಲ್ಲ. ಆದ್ರೆ ಅವಳ ಮಾತು ಮುಗಿಯೋ ತನಕ ಕಾದ್ರು. ಅಷ್ಟು ಜನ ಕಾದಿದ್ದನ್ನ ನಾನು ನೋಡಿರಲಿಲ್ಲ’ ಎಂದರು.

ಅಡ್ಡಹೆಸರು ಹೋಗಲಿಲ್ಲ. ಅದರ ಜೊತೆಗೆ ‘ಸಾಗರದ ಬೀಗರು’ ಎಂಬುದೂ ಸೇರಿಕೊಂಡಿತು. ಎರಡನೆಯದಕ್ಕೆ ಅವಳು ತಿರುಗಿ ನೋಡಿ ನಗುತ್ತಿದ್ದಳು, ಮೊದಲನೆಯದಕ್ಕೆ ಇಲ್ಲ. ನಾಳೆ ಗಂಡು ನೋಡುವ ದಿನ ಯಾವುದು ನೆನಪಾಗುತ್ತದೋ ನಾನು ಹೇಳಲಾರೆ. ತಾಯಿಯ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ. ಕರೆದರೆ ಹೋಗುತ್ತೇನೆ ಎಂಬುದಷ್ಟೇ ನಾನು ಕೊಡಬಹುದಾದ ಮಾತು, ಅದನ್ನು ಆಕೆಗೆ ಹೇಳಿದ್ದೇನೆ.

‘ಹೀಗೆ ಪ್ರತಿಯೊಂದಕ್ಕೂ ಲೆಕ್ಕ ಹಾಕಿದರೆ ನಗುವುದು ಯಾವಾಗ?’ ಎಂದು ನಮ್ಮ ಮನೆಯವರು ಕೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಯಾರಿಗೂ ತಾಗದ ನಗು ಉಪ್ಪಿಲ್ಲದ ಸಾರಿನಂತೆ. ಸದಾರಮೆಯ ನಾಟಕದ ಕಳ್ಳ ನಮ್ಮಜ್ಜಿಯ ಕಾಲದಿಂದ ನಗಿಸುತ್ತಾ ಬಂದಿದ್ದಾನೆ. ಗುಬ್ಬಿ ವೀರಣ್ಣನವರು ಆ ಪಾತ್ರದಿಂದ ಮನೆಮಾತಾದರು. ಸುಬ್ಬಣ್ಣನವರು ಅದನ್ನೇ ‘ಮಿಸ್ ಸದಾರಮೆ’ಯಾಗಿ ಮತ್ತೆ ಬರೆದಾಗಲೂ ಜನ ಮತ್ತೆ ನಕ್ಕರು. ಕಳ್ಳನನ್ನು ನೋಡಿ ನಗಬೇಡಿ ಎಂದು ನಾನು ಹೇಳಹೊರಟಿಲ್ಲ. ನಗುವ ಮುಂಚೆ ಲೆಕ್ಕ ಹಾಕಲು ಯಾರಿಂದಲೂ ಆಗದು, ನಗು ಸೀನಿನಂತೆ, ಕೇಳಿ ಬರುವುದಿಲ್ಲ. ನಾನು ಹೇಳುವುದು ನಕ್ಕ ಮೇಲಿನ ಮಾತು.

ದುಃಖದ ನಾಟಕ ನೋಡಿ ಬಂದಾಗ ನಮ್ಮ ಮನಸ್ಸು ತೊಳೆದಂತಾಗಿರುತ್ತದೆ, ಯಾರಿಗೂ ಏನೂ ಕೊಡಬೇಕಾಗಿಲ್ಲ. ನಗೆನಾಟಕದಿಂದ ಬರುವಾಗ ಮಾತ್ರ ನಾವು ಸಾಲ ಮಾಡಿಕೊಂಡು ಬಂದಿರುತ್ತೇವೆ. ಯಾರದೋ ದಪ್ಪ ಮೈ, ಯಾರದೋ ಬಡತನ, ಯಾರದೋ ತಡೆಯುವ ನಾಲಗೆ ನಮ್ಮ ಒಂದು ಸಂಜೆಯ ಸಂತೋಷಕ್ಕೆ ಒದಗಿ ಬಂದಿರುತ್ತದೆ. ಟಿಕೆಟ್ಟಿನ ದುಡ್ಡಿನಲ್ಲಿ ಆ ಸಾಲ ತೀರುವುದಿಲ್ಲ. ಮಾರನೆಯ ದಿನ ಅಂಥವರೇ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬರುತ್ತಾರೆ, ಸೊಸೈಟಿಯ ಸಾಲಿನಲ್ಲಿ ನಮ್ಮ ಹಿಂದೆ ನಿಲ್ಲುತ್ತಾರೆ, ನಮ್ಮ ಮನೆಯ ಪಾತ್ರೆ ತೊಳೆಯಲು ಬರುತ್ತಾರೆ. ಏನೋ ಹೇಳಲು ಬಾಯಿ ತೆರೆಯುತ್ತಾರೆ. ನಾವು ಕೆಲಸದ ಗಡಿಬಿಡಿಯಲ್ಲಿರುತ್ತೇವೆ, ಅವರ ಅರ್ಧ ಮಾತಿಗೆ ನಮ್ಮದನ್ನು ಸೇರಿಸಿ ಮುಗಿಸಿಬಿಡುವುದು ನಮಗೆ ರೂಢಿ. ಆ ಹೊತ್ತಿನಲ್ಲಿ ಕೈಯಲ್ಲಿದ್ದುದನ್ನು ಬದಿಗಿಟ್ಟು, ಅವರ ಮಾತು ಮುಗಿಯುವ ತನಕ ಸುಮ್ಮನೆ ನಿಂತರೆ ಸಾಲ ಸ್ವಲ್ಪವಾದರೂ ತೀರೀತು.